ಮಲೆನಾಡಿನ ತೋಟಗಳಿಗೆ ಸುಣ್ಣ ಹಾಕುತ್ತಾರೆ. ಕಲಬುರಗಿಯ ತೊಗರಿ ಹೊಲಕ್ಕೂ ಹಾಕಬೇಕಾ?

ಬೇಡ. ಮಲೆನಾಡಿನಲ್ಲಿ ಸುಣ್ಣ ಹಾಕುವುದು ಮಣ್ಣಿನ ಹುಳಿ ತಗ್ಗಿಸಿ, ಅಲ್ಯೂಮಿನಿಯಂ ಬೇರನ್ನು ಕೆಡಿಸದಂತೆ ತಡೆಯಲು. ಕಲಬುರಗಿಯ ಕಪ್ಪು ಮಣ್ಣಿನಲ್ಲಿ ಆ ತೊಂದರೆಯೇ ಇಲ್ಲ.

ಅಲ್ಯೂಮಿನಿಯಂ ಎಲ್ಲ ಮಣ್ಣಿನಲ್ಲೂ ಇದೆ, ಜೇಡಿ ಕಣಗಳೊಳಗೇ ಸೇರಿಕೊಂಡಿರುತ್ತದೆ. ಸುಮ್ನೆ ಅಲ್ಲೇ ಇದ್ದರೆ ಬೆಳೆಗೆ ಏನೂ ಆಗದು. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ (ಕಡಿಮೆಯಾದಷ್ಟೂ ಹುಳಿ ಜಾಸ್ತಿ), 5.5ಕ್ಕಿಂತ ಕೆಳಗಿಳಿದಾಗ ಅದು ನೀರಿನಲ್ಲಿ ಕರಗತೊಡಗುತ್ತದೆ. 5ಕ್ಕಿಂತ ಕೆಳಗೆ ಇನ್ನೂ ಜಾಸ್ತಿ. ಕರಗಿದ ಅಲ್ಯೂಮಿನಿಯಂ ಮೊದಲು ಹಿಡಿಯುವುದು ಬೇರಿನ ತುದಿಯನ್ನು. ಅಲ್ಲಿನ ಜೀವಕೋಶಗಳು ಉದ್ದವಾಗುವುದೇ ನಿಂತುಬಿಡುತ್ತದೆ. ಅಂಥ ಗಿಡ ಕಿತ್ತು ನೋಡಿದರೆ ಬೇರು ಮೊಂಡಾಗಿ, ದಪ್ಪಗೆ, ಕಂದು ಬಣ್ಣಕ್ಕೆ ತಿರುಗಿರುತ್ತದೆ; ಸಣ್ಣ ಎಳೆಬೇರು ಹೆಚ್ಚು ಕಾಣುವುದಿಲ್ಲ. ರಂಜಕವೂ ಅಲ್ಯೂಮಿನಿಯಂ ಜೊತೆ ಅಂಟಿಕೊಂಡು ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಕೆಳಗೆ ತೇವವಿದ್ದರೂ ಬೇರು ಅಲ್ಲಿಗೆ ಇಳಿಯದೆ ಬೆಳೆ ಬಾಡುತ್ತದೆ. ನನ್ನ ಪ್ರಕಾರ ದೊಡ್ಡ ನಷ್ಟ ಅದೇ.

ನಮ್ಮ ಕಪ್ಪು ಮಣ್ಣಿನ ಪಿಎಚ್ ಸಾಮಾನ್ಯವಾಗಿ 7.5ರ ಮೇಲೆ. ಹೊಲ ಉಳುವಾಗ ಬಿಳಿ ಹರಳು ಕಾಣುತ್ತವೆ ಅಲ್ವಾ? ಒಂದರ ಮೇಲೆ ನಿಂಬೆರಸ ಹಿಂಡಿ, ನೊರೆ ಬರುತ್ತದೆ. ಅದು ಸುಣ್ಣದ ಹರಳೇ. ಅದರ ಮೇಲೆ ಮತ್ತೆ ಸುಣ್ಣ ಸುರಿದರೆ ಕಬ್ಬಿಣ, ಸತು ಗಿಡಕ್ಕೆ ಇನ್ನೂ ಕಡಿಮೆ ಸಿಗುತ್ತವೆ, ಎಳೆ ಎಲೆ ಹಳದಿಯಾಗುತ್ತದೆ.

ಬೀದರಿನ ಕೆಂಪು ಜಂಬಿಟ್ಟಿಗೆ ನೆಲದವರು ಮಾತ್ರ ದಯವಿಟ್ಟು ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ 5.5ಕ್ಕಿಂತ ಕಡಿಮೆ ಬಂದರೆ ಆಗ ಸುಣ್ಣದ ಮಾತು. ಬರೀ ಬಣ್ಣ ನೋಡಿ ಚೀಲ ತರಬೇಡಿ.