ಕಾಳಿಯ ಕಲ್ಲು

ಪ್ರಶ್ನೆ: ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಾಯಿ, ಹಂದಿ ಕಾದಾಡುತ್ತಿರುವ ಕಲ್ಲು ಕಂಡೆ. ನಾಯಿಗೂ ಸ್ಮಾರಕ ನಿಲ್ಲಿಸುತ್ತಿದ್ದರೇ?
– ಓದುಗರು, ಮದ್ದೂರು

ಉತ್ತರ: ನಿಲ್ಲಿಸುತ್ತಿದ್ದರು. ಆ ಕಲ್ಲು ನಿಮ್ಮ ತಾಲ್ಲೂಕಿನದೇ, ಆತಕೂರಿನದು! ರಾಷ್ಟ್ರಕೂಟರಿಗೂ ಚೋಳರಿಗೂ 949ರಲ್ಲಿ ನಡೆದ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲರನಿಗೆ ಗಂಗ ದೊರೆ ಇಮ್ಮಡಿ ಬೂತುಗ, ಬೇಕಾದ್ದನ್ನು ಕೇಳು ಎಂದ. ಮಣಲರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಮಣಲರ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನೆಡಿಸಿ, ಅದಕ್ಕೆ ಭೂಮಿ ದತ್ತಿ ಬಿಟ್ಟು, ಕಲ್ಲಿನ ಪೂಜೆ ತಪ್ಪಿಸಿ ಉಂಡವನಿಗೆ ಪಾಪ ತಟ್ಟುತ್ತದೆಂದೂ ಬರೆಸಿದ. ಸಾಕಿದ ಜೀವದ ಮೇಲಿನ ಇಂಥ ಅಕ್ಕರೆಯನ್ನು ಬೇರೆ ಯಾವ ಶಾಸನದಲ್ಲೂ ನಾನು ಓದಿಲ್ಲ. ಮತ್ತೊಮ್ಮೆ ಹೋದಾಗ ಹಂದಿಗೆ ಎದುರುಬಿದ್ದ ಕಾಳಿಯ ಮುಖವನ್ನು ಹತ್ತಿರದಿಂದ ನೋಡಿ.