ಓದುಗರ ಪ್ರಶ್ನೆ: ವಿಮಾನದ ಬೆಂಕಿಗೋಡೆ

ಪ್ರಶ್ನೆ: ಮನೆಯಲ್ಲೇ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇನೆ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಬೆಂಕಿಗೋಡೆಗೆ (ಫೈರ್‌ವಾಲ್) 0.4 ಮಿ.ಮೀ. ಸ್ಟೇನ್‌ಲೆಸ್ ತಗಡು ಹಾಕಿದ್ದೇನೆ. ಶಾಖ ತಡೆಯಲು ಕ್ಯಾಬಿನ್ ಕಡೆ ಫೋಮ್ ಅಂಟಿಸಲೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಫೋಮ್ ಬೇಡವೇ ಬೇಡ. ತಗಡಿನ ದಪ್ಪ ಸರಿಯಿದೆ. ಆದರೆ ಎಂಜಿನ್ ಕಡೆ ಬೆಂಕಿ ಹತ್ತಿದರೆ ತಗಡು ಕರಗದಿದ್ದರೂ ಕೆಂಪಗೆ ಕಾಯುತ್ತದೆ. ಆಗ ಹಿಂದಿನ ಫೋಮ್, ಅಂಟು ಎರಡೂ ಸುಟ್ಟು ವಿಷದ ಹೊಗೆ ನೇರವಾಗಿ ಪೈಲಟ್ ಮುಖಕ್ಕೇ ಬರುತ್ತದೆ. ಹೊದಿಕೆ ಎಂಜಿನ್ ಕಡೆಯೇ ಇರಲಿ: ಸೆರಾಮಿಕ್ ಫೈಬರ್ ಹಾಸು, ಅದರ ಮೇಲೆ ತೆಳು ಸ್ಟೇನ್‌ಲೆಸ್ ಹಾಳೆ. ನಿಮ್ಮೂರಿನ ಉದ್ಯಮಬಾಗದ ಫೌಂಡ್ರಿಗಳವರಿಗೆ ಈ ಹಾಸು ಗೊತ್ತಿರುವ ಸಾಮಾನೇ. ಕುಲುಮೆಯ ಒಳಮೈಗೆ ಬಳಸುವಂಥದ್ದು. ಕತ್ತರಿಸುವಾಗ ಮಾಸ್ಕ್ ಕಡ್ಡಾಯ. ಹಾಳೆಯ ಅಂಚುಗಳನ್ನು ಪೂರ್ತಿ ಮುಚ್ಚಿ, ಇಲ್ಲದಿದ್ದರೆ ಹಾಸು ಎಣ್ಣೆ, ಪೆಟ್ರೋಲ್ ಹೀರಿ ದೀಪದ ಬತ್ತಿಯಾಗುತ್ತದೆ.

ನಮಗೆ ಹೆಚ್ಚು ಚಿಂತೆ ಪೈಪು, ವೈರು ದಾಟಲು ಗೋಡೆಗೆ ಕೊರೆದ ತೂತುಗಳದ್ದು. ಬೆಂಕಿಗೋಡೆ 1,093 ಡಿಗ್ರಿ ಸೆಲ್ಸಿಯಸ್ ಜ್ವಾಲೆಯನ್ನು 15 ನಿಮಿಷ ತಡೆಯಬೇಕೆಂಬುದು ವಾಡಿಕೆಯ ಅಳತೆ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೇ ಕರಗುತ್ತದೆ. ಕ್ಯಾಬಿನ್ ಹೀಟರ್‌ನ ಅಲ್ಯೂಮಿನಿಯಂ ಕವಾಟ ಕರಗಿತೆಂದರೆ ಅಲ್ಲಿ ಅಂಗೈ ಅಗಲದ ಕಿಂಡಿ! ಕವಾಟ, ಇಂಧನದ ಫಿಟ್ಟಿಂಗ್, ಕೇಬಲ್ ದಾಟುವ ಬುಷ್ (ಕೊಳವೆ) ಎಲ್ಲವೂ ಸ್ಟೀಲಿನದೇ ಆಗಲಿ. ವೈರು ದಾಟುವ ತೂತಿನ ರಬ್ಬರ್ ಬಳೆಗೆ (ಗ್ರೊಮೆಟ್) ಸ್ಟೀಲ್ ಕವಚ ಹಾಕಿ, ಸಂದಿಗೆ ಬೆಂಕಿ ತಡೆಯುವ ಸೀಲೆಂಟ್ ತುಂಬಿ. ಅದರ ಬದಲು ಎಂಜಿನ್ ಗ್ಯಾಸ್ಕೆಟ್‌ನ ಕೆಂಪು ಸಿಲಿಕೋನ್ ಬೇಡ; ಅದು ಶಾಖ ತಾಳುತ್ತದೆ, ಜ್ವಾಲೆಯನ್ನಲ್ಲ. ಕೊನೆಗೆ ಕತ್ತಲಲ್ಲಿ ಎಂಜಿನ್ ಕಡೆ ದೀಪ ಹಿಡಿದು ಒಳಗಿನಿಂದ ನೋಡಿ. ಬೆಳಕು ಕಂಡಲ್ಲೆಲ್ಲ ಮತ್ತೆ ಸೀಲ್ ಮಾಡಿ.