ಒಂದು ಸೆಲ್ ಬೇಗ ಖಾಲಿ, ಇನ್ನೊಂದು ಬಿಸಿ

ಪ್ರಶ್ನೆ: ಮಗನ ಆಟಿಕೆ ಕಾರಿಗೂ ಅತ್ತೆಯವರ ಬಿ.ಪಿ. ನೋಡುವ ಯಂತ್ರಕ್ಕೂ ಕಳೆದ ವರ್ಷ ನಾಲ್ಕು ರೀಚಾರ್ಜಬಲ್ ಪೆನ್ಸಿಲ್ ಸೆಲ್‌ಗಳನ್ನು ಚಾರ್ಜರ್ ಸಮೇತ ಕೊಂಡೆವು. ಅದರಲ್ಲಿ ಎರಡೆರಡೇ ಸೆಲ್ ಹಾಕಬೇಕು. ರಾತ್ರಿಯಿಡೀ ಇಟ್ಟರೂ ಕೆಲವು ಬೇಗ ಖಾಲಿಯಾಗುತ್ತವೆ, ಕೆಲವು ವಿಪರೀತ ಬಿಸಿಯಾಗಿರುತ್ತವೆ. ಅಂಗಡಿಯವರು ಒಂದು ಗಂಟೆಯಲ್ಲಿ ತುಂಬಿಸುವ ಚಾರ್ಜರ್ ತೋರಿಸುತ್ತಿದ್ದಾರೆ. ಕೊಳ್ಳಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ವಿವರಣೆ ನೋಡಿದರೆ ಸೆಲ್‌ಗಳಿಗಿಂತ ಚಾರ್ಜರ್ ಮೇಲೆಯೇ ಹೆಚ್ಚು ಅನುಮಾನ ಬರುತ್ತದೆ. ಜೋಡಿಯಾಗಿಯೇ ಸೆಲ್ ಹಾಕಬೇಕಾದ ಅಗ್ಗದ ಚಾರ್ಜರ್‌ಗಳು ಸಾಮಾನ್ಯವಾಗಿ ಎರಡನ್ನೂ ಒಂದೇ ಸರಣಿಯಲ್ಲಿ ಸೇರಿಸಿ ಸಮನಾಗಿ ವಿದ್ಯುತ್ ಹರಿಸುತ್ತವೆ. ಕಾರಿನಿಂದ ಬರಿದಾಗಿ ಬಂದ ಸೆಲ್ಲನ್ನೂ ಬಿ.ಪಿ. ಯಂತ್ರದಿಂದ ತೆಗೆದ, ಅರ್ಧ ತುಂಬಿರುವ ಸೆಲ್ಲನ್ನೂ ಹೀಗೆ ಜೊತೆಗಿಟ್ಟರೆ, ಮೊದಲನೆಯದು ತುಂಬುವ ಎಷ್ಟೋ ಮೊದಲೇ ಎರಡನೆಯದು ತುಂಬಿರುತ್ತದೆ. ಆಮೇಲೆ ಅದಕ್ಕೆ ಹರಿದ ವಿದ್ಯುತ್ತೆಲ್ಲ ಶಾಖವಾಗಿ ಸೆಲ್ಲನ್ನು ಒಳಗೇ ಬೇಯಿಸುತ್ತದೆ.

ಆದ್ದರಿಂದ ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ಗಮನಿಸಿ, ತುಂಬಿದ್ದನ್ನು ತಾನಾಗಿ ನಿಲ್ಲಿಸುವ ಚಾರ್ಜರನ್ನೇ ಕೊಳ್ಳಿ. ಒಂದೇ ಸೆಲ್ ಹಾಕಿದರೂ ಅದು ಕೆಲಸ ಮಾಡಬೇಕು, ಸೆಲ್ ಕೂರುವ ನಾಲ್ಕು ಮನೆಗೆ ನಾಲ್ಕು ದೀಪ ಇರಬೇಕು. ಅಂಗಡಿಯಲ್ಲೇ ಹಾಕಿಸಿ ನೋಡಬಹುದು. ರೀಚಾರ್ಜಬಲ್ ಪೆನ್ಸಿಲ್ ಸೆಲ್‌ಗಳು ಸಾಮಾನ್ಯವಾಗಿ ನಿಕಲ್–ಮೆಟಲ್ ಹೈಡ್ರೈಡ್ ಬಗೆಯವು. ಇಂಥ ಸೆಲ್ ತುಂಬುತ್ತಿರುವಾಗ ಅದರ ವೋಲ್ಟೇಜ್ ಏರುತ್ತಾ ಹೋಗಿ, ತುಂಬಿದ ಕೂಡಲೇ ಕೆಲವೇ ಮಿಲಿವೋಲ್ಟ್‌ನಷ್ಟು ಇಳಿಯುತ್ತದೆ. ಒಳ್ಳೆಯ ಚಾರ್ಜರ್ ಈ ಸಣ್ಣ ಇಳಿತವನ್ನು ಹಿಡಿದು ಕರೆಂಟ್ ಕಡಿತಗೊಳಿಸುತ್ತದೆ.

ಇನ್ನು ವೇಗದ ವಿಚಾರ. 2000 ಎಂಎಎಚ್ (ಮಿಲಿಆಂಪಿಯರ್-ಅವರ್, ಸೆಲ್ ಎಷ್ಟು ವಿದ್ಯುತ್ ಹಿಡಿದಿಡುತ್ತದೆ ಎಂಬ ಅಳತೆ) ಸೆಲ್ಲನ್ನು ಒಂದು ಗಂಟೆಯಲ್ಲಿ ತುಂಬಿಸಬೇಕಾದರೆ 2000 ಮಿಲಿಆಂಪಿಯರ್‌ಗೂ ಹೆಚ್ಚು ಕರೆಂಟ್ ಬೇಕು, ಅಷ್ಟು ಹರಿದಾಗ ಸೆಲ್ ಬಿಸಿಯಾಗದೆ ಇರದು. ಮನೆಬಳಕೆಗೆ ಆ ಅವಸರ ಬೇಡ. ಪ್ರತಿ ಸೆಲ್ಲಿಗೆ 500ರಿಂದ 1000 ಮಿಲಿಆಂಪಿಯರ್ ಸಾಕು. 500 ಆದರೆ ಲೆಕ್ಕದ ಪ್ರಕಾರ ನಾಲ್ಕು ಗಂಟೆ, ಸ್ವಲ್ಪ ಶಾಖವಾಗಿ ಸೋರುವುದರಿಂದ ವಾಸ್ತವದಲ್ಲಿ ಐದರ ಹತ್ತಿರ. ಹಾಗೆಂದು ತೀರ ನಿಧಾನವೂ ಒಳಿತಲ್ಲ, ಏಕೆಂದರೆ ಕರೆಂಟ್ ಬಹಳ ಕಡಿಮೆಯಾದರೆ ಮೇಲೆ ಹೇಳಿದ ಇಳಿತ ಚಾರ್ಜರಿಗೆ ಕಾಣಿಸುವುದೇ ಇಲ್ಲ. ನಾಲ್ಕೂ ಸೆಲ್ ಹಾಕಿದಾಗ ಕರೆಂಟನ್ನು ಅರ್ಧಕ್ಕಿಳಿಸುವ ಚಾರ್ಜರ್‌ಗಳೂ ಇರುವುದರಿಂದ ಬೆನ್ನಿನ ಮೇಲಿನ ಸಣ್ಣಕ್ಷರವನ್ನು ಓದಿಯೇ ದುಡ್ಡು ಕೊಡಿ.

ಈಗ ಯುಎಸ್‌ಬಿ ಕಿಂಡಿಯುಳ್ಳ 1.5 ವೋಲ್ಟ್ ಲಿಥಿಯಂ ಪೆನ್ಸಿಲ್ ಸೆಲ್‌ಗಳೂ ಸಿಗುತ್ತಿವೆ. ಅವನ್ನೂ ಸಾಮಾನ್ಯ ಆಲ್ಕಲೈನ್ ಸೆಲ್‌ಗಳನ್ನೂ ಈ ಚಾರ್ಜರಿಗೆ ಎಂದೂ ಹಾಕಬಾರದು.

ಹಳೆಯ ನಾಲ್ಕನ್ನು ಈಗಲೇ ಎಸೆಯಬೇಡಿ; ಹೊಸ ಚಾರ್ಜರಿನಲ್ಲಿ ಎರಡು ಮೂರು ಬಾರಿ ತುಂಬಿಸಿದ ಮೇಲೂ ಬೇಗ ಖಾಲಿಯಾಗುವುದನ್ನು ಮಾತ್ರ ಬೇರ್ಪಡಿಸಿ. ಅತ್ತೆಯವರ ಯಂತ್ರಕ್ಕಾದರೆ ಸುಮ್ಮನಿಟ್ಟರೂ ಚಾರ್ಜ್ ಉಳಿಸಿಕೊಳ್ಳುವ, ಸಾನ್ಯೊ ಕಂಪನಿ 2005ರಲ್ಲಿ ಎನೆಲೂಪ್ ಎಂದು ತಂದ ಬಗೆಯ ಸೆಲ್‌ಗಳನ್ನು ಕೊಂಡು, ಮಾರ್ಕರ್‌ನಿಂದ ಗುರುತು ಹಾಕಿಡಿ. ಅವು ಕಾರಿನೊಳಗೆ ಸೇರದಂತೆ ಮಗನಿಗೂ ಹೇಳಿರಿ.